ಅಪ್‌ಡೇಟ್: ಹಳೇ ಗಾರ್ಡನ್ ಟ್ರ್ಯಾಕ್ಟರ್ ಇಂಜಿನ್ ಎದ್ದಿತು
ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಹಳೇ ಗಾರ್ಡನ್ ಟ್ರ್ಯಾಕ್ಟರ್ ನೀಲಿ ಹೊಗೆ ಉಗುಳುತ್ತಿದೆ, ಬರೀ ಪಿಸ್ಟನ್ ರಿಂಗ್ (ಎಣ್ಣೆ ಮೇಲೆ ಹೋಗಿ ಸುಡದಂತೆ ಪಿಸ್ಟನ್ ಸುತ್ತ ಇರುವ ಬಳೆ) ಬದಲಿಸಿದರೆ ಸಾಕಾ ಅಂತ ಕೇಳಿದ್ದೆ.

ಸಾಕಾಗಲಿಲ್ಲ. ಹೆಡ್ (ಇಂಜಿನ್ ಮೇಲಿನ ಮುಚ್ಚಳ) ಬಿಚ್ಚಿದರೆ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಮೇಲ್ತುದಿಯಲ್ಲಿ ಉಗುರಿಗೆ ತಾಗುವಷ್ಟು ಅಂಚು. ಮೇಲೆ ಜಾಸ್ತಿ ಸವೆದಿದೆ, ಕೆಳಗೆ ಕಡಿಮೆ. ಅಂಥದ್ದರಲ್ಲಿ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ, ಅಲ್ವಾ? ಶಿವಮೊಗ್ಗದಲ್ಲಿ ಬೋರನ್ನು 0.010 ಇಂಚು ದೊಡ್ಡದಾಗಿ ಕೊರೆಸಿ (ರೀಬೋರ್), ಅದಕ್ಕೆ ತಕ್ಕ ದೊಡ್ಡ ಅಳತೆಯ (ಓವರ್‌ಸೈಜ್) ಪಿಸ್ಟನ್ ಹಾಕಿದೆ. ಪಿಸ್ಟನ್ ಹುಡುಕಿದ್ದೇ ದೊಡ್ಡ ಕಥೆ, ಬಿಡಿ. ಆದರೆ ಅದು ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ. ಅದರ ಅಳತೆ ನೋಡಿಯೇ ಕೊರೆಯಬೇಕು.

ವಾಲ್ವ್ ಲ್ಯಾಪ್ ಮಾಡಿದೆ, ಅಂದರೆ ಸಂದಿಲ್ಲದೆ ಕೂರುವಂತೆ ಪೇಸ್ಟ್ ಹಚ್ಚಿ ಉಜ್ಜಿದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವ್ ಹೆಚ್ಚು ಬಿಸಿಯಾಗಿ ಹಿಗ್ಗುತ್ತದೆ, ಅದಕ್ಕೆ ಅಲ್ಲಿ ಗ್ಯಾಪ್ ಜಾಸ್ತಿ ಬಿಟ್ಟೆ. ಈಗ ಎಸ್‌ಎಇ 30 ದರ್ಜೆಯ ಇಂಜಿನ್ ಎಣ್ಣೆ ಇದೆ, 5 ಗಂಟೆ ಓಡಿದ ಮೇಲೆ ಬದಲಿಸುತ್ತೇನೆ.

ಹೊಗೆ ನಿಂತಿದೆ. ಗೊಬ್ಬರದ ಟ್ರಾಲಿ ಎಳೆಯುವಾಗ ಏರಿನಲ್ಲಿ ಇನ್ನೂ ಸ್ವಲ್ಪ ಮುಕ್ಕರಿಸುತ್ತದೆ. ಕಾರ್ಬುರೇಟರ್ (ಇಂಧನಕ್ಕೆ ಗಾಳಿ ಬೆರೆಸುವ ಭಾಗ) ಮೇಲೆ ಅನುಮಾನ, ಮುಂದೆ ಅದನ್ನೇ ಬಿಚ್ಚುವುದು.