ಗಲಿಲಾಯಕ್ಕೆ ಹೊರಡುವ ಮೊದಲು ಯಾವ ಸುವಾರ್ತೆಯನ್ನು ಓದಬೇಕು?

ಪ್ರಶ್ನೆ – ಹೊಸ ಓದುಗ

ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿದವನಲ್ಲ. ಆದರೂ ಈಚೆಗೆ ಸತ್ಯವೇದವನ್ನು ಕನ್ನಡದಲ್ಲಿ ಓದುತ್ತಿದ್ದೇನೆ. ಯೇಸುವಿನ ಮಾತುಗಳು ಮನಸ್ಸನ್ನು ಬಿಡುತ್ತಿಲ್ಲ. ಪರಿಚಯದವರ ಸಭೆಯ ತಂಡವೊಂದು ಗಲಿಲಾಯ ಮತ್ತು ಯೆರೂಸಲೇಮಿನ ಯಾತ್ರೆಗೆ ನನ್ನನ್ನೂ ಕರೆದಿದೆ. ಎಲ್ಲವನ್ನೂ ಮೊದಲೇ ಓದಿಕೊಂಡು ಹೋಗಬೇಕೋ, ಆಯಾ ಸ್ಥಳದಲ್ಲಿ ಓದಬೇಕೋ? ಯೆರೂಸಲೇಮಿನಲ್ಲಿ ಯೇಸುವಿನ ಸಮಾಧಿಯೆಂದು ಎರಡು ಜಾಗಗಳನ್ನು ತೋರಿಸುತ್ತಾರಂತೆ. ಹಾಗಿದ್ದ ಮೇಲೆ ಸ್ಥಳವನ್ನು ನೋಡುವುದರಿಂದ ವಿಶ್ವಾಸಕ್ಕೆ ಸಿಗುವುದೇನು?

ಉತ್ತರ – ಕಡಲತೀರ

ಎರಡೂ ಬೇಕು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಮಹಿಳೆ ಪಶ್ಚಿಮದಿಂದ ಅಲ್ಲಿಗೆ ಯಾತ್ರೆ ಹೋಗಿ, ಪ್ರತಿಯೊಂದು ಸ್ಥಳದಲ್ಲೂ ಅಲ್ಲಿಗೆ ಸಂಬಂಧಿಸಿದ ವೇದಭಾಗವನ್ನು ಓದಿಸಿ ಪ್ರಾರ್ಥಿಸುತ್ತಿದ್ದುದನ್ನು ಬರೆದಿಟ್ಟಿದ್ದಾಳೆ. ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಹೊರಡುವ ಮೊದಲು ಮಾರ್ಕನ ಸುವಾರ್ತೆಯನ್ನು ಒಂದೇ ಪಟ್ಟಿಗೆ ಓದಿ ಮುಗಿಸಿ. 16 ಅಧ್ಯಾಯಗಳಷ್ಟೇ, ಎರಡು ಗಂಟೆಯ ಕೆಲಸ.

ಗಲಿಲಾಯ ಸಮುದ್ರದ ದಡದ ಊರಾದ ಕಪೆರ್ನೌಮಿನಲ್ಲಿ ಅದರ ಮೊದಲ ಎರಡು ಅಧ್ಯಾಯಗಳನ್ನು ಮತ್ತೆ ತೆರೆಯಿರಿ. ಅಲ್ಲಿ ಬಿಳಿ ಸುಣ್ಣಕಲ್ಲಿನ ಯೆಹೂದ್ಯರ ಸಭಾಮಂದಿರವೊಂದು ಎದ್ದು ಕಾಣುತ್ತದೆ. ಆದರೆ ಅದು ಯೇಸುವಿನ ಕಾಲಕ್ಕಿಂತ ಕೆಲವು ಶತಮಾನ ಈಚಿನದು. ಅದರ ತಳದಲ್ಲಿ ಕಪ್ಪು ಬಸಾಲ್ಟ್ ಕಲ್ಲಿನ ಸಾಲು ಇದೆ, ಅದನ್ನು ಬಗ್ಗಿ ನೋಡಿ. ಯೇಸುವಿನ ಶಿಷ್ಯ ಪೇತ್ರನದೆಂದು ನಂಬಲಾಗಿರುವ ಮನೆಯೂ ಸುತ್ತಲಿನ ಮನೆಗಳೂ ಅದೇ ಕಪ್ಪು ಕಲ್ಲಿನವು. ಇಕ್ಕಟ್ಟಾದ ಆ ಗೋಡೆಗಳ ನಡುವೆ ನಿಂತಾಗ, ಮಾರ್ಕ 2ರಲ್ಲಿ ಜನರ ಗುಂಪಿನಿಂದಾಗಿ ಪಾರ್ಶ್ವವಾಯು ರೋಗಿಯನ್ನು ಚಾವಣಿ ತೆಗೆದು ಇಳಿಸಿದ್ದು ಏಕೆಂದು ಬೇರೆಯವರು ವಿವರಿಸಬೇಕಾಗುವುದಿಲ್ಲ.

ಗಲಿಲಾಯ ಸಮುದ್ರವೆಂಬುದು ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿರುವ ಸಿಹಿನೀರಿನ ಸರೋವರ. ಸುತ್ತಲಿನ ಗುಡ್ಡಗಳಿಂದ ಗಾಳಿ ಏಕಾಏಕಿ ಇಳಿದು ನೀರನ್ನು ಕಲಕುತ್ತದೆ. ನೀರು ಇಳಿದಿದ್ದ 1986ರಲ್ಲಿ ದಡದ ಕೆಸರಿನಲ್ಲಿ ಸಿಕ್ಕ ಸುಮಾರು ಎಂಟು ಮೀಟರ್ ಉದ್ದದ ಹಳೆಯ ದೋಣಿ, ಸರಿಸುಮಾರು ಯೇಸುವಿನ ಕಾಲದ್ದು, ಗಿನೋಸರಿನಲ್ಲಿ ಪ್ರದರ್ಶನಕ್ಕಿದೆ. ಅದನ್ನು ನೋಡಿ ಬಂದು ಮಾರ್ಕ 4ರ ಬಿರುಗಾಳಿಯನ್ನು ಓದಿದರೆ ಶಿಷ್ಯರ ಭಯ ಅತಿಯೆನಿಸುವುದಿಲ್ಲ.

ಉತ್ತರ – ಹಳೆಯ ದಾರಿ

ಸಮಾಧಿಯ ವಿಷಯಕ್ಕೆ ಬರುತ್ತೇನೆ. ಆ ಎರಡು ಜಾಗಗಳಲ್ಲಿ ಮೊದಲನೆಯದಾದ ಪವಿತ್ರ ಸಮಾಧಿಯ ದೇವಾಲಯವನ್ನು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದನು. ಅದರ ಪ್ರತಿಷ್ಠೆ 335ರಲ್ಲಿ ಆಯಿತು. ಅದು ಈಗ ಕೋಟೆಯೊಳಗಿದೆ, ಯೇಸುವನ್ನು ಶಿಲುಬೆಗೆ ಹಾಕಿದ್ದು ಊರ ಹೊರಗಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆದರೆ ಆ ಕಾಲದಲ್ಲಿ ಗೋಡೆ ಅಷ್ಟು ದೂರ ಬಂದಿರಲಿಲ್ಲ. ಎರಡನೆಯದಾದ, ಕೋಟೆಯ ಹೊರಗಿನ ಉದ್ಯಾನ ಸಮಾಧಿಯನ್ನು ಜನ ಗುರುತಿಸಿದ್ದು 19ನೆಯ ಶತಮಾನದಲ್ಲಿ. ಪುರಾತತ್ತ್ವಜ್ಞರ ಪ್ರಕಾರ ಅದು ಯೇಸುವಿಗಿಂತ ನೂರಾರು ವರ್ಷ ಹಿಂದಿನ ಗವಿ, ಯೋಹಾನ 19:41 ಹೇಳುವುದೋ ಹೊಸ ಸಮಾಧಿಯನ್ನು. ಹೀಗಾಗಿ ನನ್ನ ಒಲವು ಮೊದಲನೆಯದರ ಕಡೆಗೆ. ಆದರೂ ಅಲ್ಲಿನ ನೂಕುನುಗ್ಗಲಿನಲ್ಲಿ ಓದುವುದು ಅಸಾಧ್ಯ, ಸಮಾಧಿಯೊಳಗೆ ಕೆಲವೇ ಜನರನ್ನು ಕೆಲವು ಕ್ಷಣ ಬಿಡುತ್ತಾರೆ. ಯೋಹಾನ 20ನ್ನು ನೆಮ್ಮದಿಯಾಗಿ ಓದಲು ಉದ್ಯಾನವೇ ಅನುಕೂಲ. ಜಾಗ ಖಚಿತವಾದರೆ ವಿಶ್ವಾಸ ಹುಟ್ಟುತ್ತದೆ ಎಂದೇನೂ ಇಲ್ಲ. ಆ ಗವಿ ಬರಿದಾಗಿತ್ತು ಎಂಬುದಷ್ಟೇ ಸುವಾರ್ತೆಯ ಹೇಳಿಕೆ.

ಉತ್ತರ – ಸಹಯಾತ್ರಿ

ಸತ್ಯವೇದದ ಕೀರ್ತನೆಗಳ ಪುಸ್ತಕವನ್ನು ಯಾರೂ ಹೇಳಲಿಲ್ಲ. ಯೆರಿಕೋವಿನಿಂದ ಯೆರೂಸಲೇಮಿಗೆ ಸುಮಾರು 1,000 ಮೀಟರ್ ಏರಬೇಕು, ಬೋಳು ಗುಡ್ಡಗಳ ನಡುವೆ. ಒಳ್ಳೆಯ ಸಮಾರ್ಯದವನ ಕಥೆ ನಡೆಯುವುದೂ ಇದೇ ದಾರಿಯಲ್ಲಿ. ಬಸ್ಸು ಏರತೊಡಗಿದಾಗ 120ರಿಂದ 134ರವರೆಗಿನ ಯಾತ್ರಾಗೀತೆಗಳನ್ನು ತಂಡದವರು ಸರದಿಯಂತೆ ಓದಲಿ. 122ನೆಯದನ್ನು ಊರು ಕಾಣಿಸುವ ತನಕ ಉಳಿಸಿಕೊಳ್ಳಿ. ಬಸ್ಸಿನಲ್ಲಿ ಮಾರ್ಗದರ್ಶಿಯ ಮೈಕು ಸುಮ್ಮನಿರುವುದು ಅಪರೂಪ, ಆದ್ದರಿಂದ ತಂಡದ ನಾಯಕರಿಗೆ ಮೊದಲೇ ಹೇಳಿಟ್ಟಿರಿ.