ಅಪ್‌ಡೇಟ್: ನಾಲ್ಕು ತಿಂಗಳಿಗೇ ರಾಗಿ ಸರಿ ಕೊಡಬಹುದಾ ಎಂದು ಕೇಳಿದ್ದೆ

ಮಗಳು ಸಣ್ಣಗಿದ್ದಾಳೆ, ನಾಲ್ಕು ತಿಂಗಳಾಯ್ತು, ರಾಗಿ ಸರಿ ಶುರು ಮಾಡು ಅಂತ ಅತ್ತೆ ಹೇಳ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೊಡಲಿಲ್ಲ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ.

ಅತ್ತೆಯನ್ನು ಡಾಕ್ಟರ್ ಬಳಿ ಕರೆದುಕೊಂಡು ಹೋಗಿದ್ದು ಒಳ್ಳೆಯದಾಯ್ತು. ತಾಯಿ ಕಾರ್ಡಿನ ಗ್ರಾಫ್‌ನಲ್ಲಿ ಮಗಳ ಗೆರೆ ಕೆಳಗಿದ್ದರೂ ಸಮನಾಗಿ ಏರುತ್ತಿತ್ತು. ನೀರಾದ ಸರಿಯಲ್ಲಿ ಎದೆಹಾಲಿಗಿಂತ ಕಡಿಮೆ ಶಕ್ತಿ ಇರುತ್ತೆ, ಅದರಿಂದ ಹೊಟ್ಟೆ ತುಂಬಿದರೆ ಮಗು ಹಾಲು ಕಡಿಮೆ ಕುಡಿಯುತ್ತೆ, ತೂಕ ಹೆಚ್ಚುವ ಬದಲು ನಿಲ್ಲಬಹುದು ಎಂದರು. ಅತ್ತೆಗೆ ಒಪ್ಪಿಗೆಯಾದದ್ದು ಈ ಮಾತು.

ಕರುಳಿನ ವಿಷಯವೂ ತಿಳಿಯಿತು. ರಾಗಿಯಲ್ಲಿರುವ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಮೊದಲ ತಿಂಗಳುಗಳಲ್ಲಿ ಮಗುವಿನ ಮೇದೋಜೀರಕ ಗ್ರಂಥಿಯಿಂದ ಬಹಳ ಕಡಿಮೆ ಬರುತ್ತದೆ. ಎದೆಹಾಲಿನ ಕೆಲವು ಸಕ್ಕರೆಗಳು ಮಗುವಿಗೆ ಜೀರ್ಣವೇ ಆಗುವುದಿಲ್ಲ. ಅವು ಕರುಳಿನ ಬೈಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ! ನನಗೆ ಇದು ತುಂಬಾ ಇಷ್ಟವಾಯ್ತು. ಬೇಗ ಕೊಟ್ಟರೆ ನೀರು, ಪಾತ್ರೆಯ ಮೂಲಕ ಭೇದಿಯ ಸೋಂಕಿನ ಭಯವೂ ಇದೆ.

ಹಾಗಂತ ಆರು ತಿಂಗಳ ನಂತರವೂ ತಡಮಾಡಬಾರದು, ಹುಟ್ಟುವಾಗ ತಂದ ಕಬ್ಬಿಣಾಂಶ ಆಗ ಕರಗುತ್ತಾ ಬಂದಿರುತ್ತೆ. ಈಗ ಅತ್ತೆಯೇ ರಾಗಿ ಮೊಳಕೆ ಕಟ್ಟಿ, ಹುರಿದು, ಬೀಸಿ, ಸೋಸಿ ಸರಿ ಮಾಡ್ತಾರೆ. ಮೊಳಕೆಯಿಂದ, ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುವ ಫೈಟೇಟ್ ಇಳಿದು ಕಬ್ಬಿಣಾಂಶ ಚೆನ್ನಾಗಿ ಸಿಗುತ್ತೆ. ಚಮಚದಿಂದ ಜಾರದಷ್ಟು ಗಟ್ಟಿ, ಜೊತೆಗೆ ಹೆಸರುಬೇಳೆ, ಸ್ವಲ್ಪ ತುಪ್ಪ. ಜೇನು ಮಾತ್ರ ವರ್ಷ ತುಂಬುವವರೆಗೆ ಬೇಡವೇ ಬೇಡ. ಎದೆಹಾಲು ಮುಂದುವರಿದಿದೆ.