ವಿಜಯಪುರದಿಂದ ಬಾದಾಮಿಗೆ ಇಬ್ಬರ ಸೈಕಲ್ ಪಯಣ: ಹೋಗಿ ಬಂದವರ ಅನುಭವಗಳು

ವಿಜಯಪುರದಿಂದ ಪ್ರಶ್ನೆ:

ನಾನು ಮತ್ತು ನನ್ನ ಗೆಳೆಯ ಡಿಸೆಂಬರ್ ಕೊನೆಯಲ್ಲಿ ವಿಜಯಪುರದಿಂದ ಹೊರಟು ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಬಾದಾಮಿ ಸೇರಬೇಕೆಂದಿದ್ದೇವೆ. ನನ್ನದು ಗೇರ್ ಸೈಕಲ್, ಅವನದು ಸಾದಾ ಸೈಕಲ್. ದಿನಕ್ಕೆ 40 ಕಿ.ಮೀ.ಗಿಂತ ಹೆಚ್ಚು ತುಳಿದ ರೂಢಿ ಇಬ್ಬರಿಗೂ ಇಲ್ಲ. ಎಷ್ಟು ದಿನ ಬೇಕು, ಏನೇನು ಒಯ್ಯಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹುನಗುಂದದಿಂದ ಉತ್ತರ:

ಇದೇ ದಾರಿಯಲ್ಲಿ ನಾನು ಕೆಲವು ವರ್ಷಗಳ ಹಿಂದೆ ಬಾಲ್ಯದ ಗೆಳೆಯನ ಜೊತೆ ಹೋಗಿದ್ದೆ. ನಾವು ಮೂರು ದಿನದಲ್ಲಿ ಮುಗಿಸಿದೆವು, ಅದು ಅವಸರವಾಯಿತು. ನೀವು ನಾಲ್ಕು ದಿನ ಇಟ್ಟುಕೊಳ್ಳಿ. ಆಲಮಟ್ಟಿಯವರೆಗೇ ಸುಮಾರು 65 ಕಿ.ಮೀ. ಆಗುವುದರಿಂದ ಮೊದಲ ರಾತ್ರಿ ಬಸವನ ಬಾಗೇವಾಡಿಯಲ್ಲಿ ಉಳಿಯುವುದು ಒಳ್ಳೆಯದು. ಎರಡನೆಯ ದಿನ ಆಲಮಟ್ಟಿಯ ಜಲಾಶಯ ನೋಡಿ, ಹೆದ್ದಾರಿಗೆ ಮರಳಿ, ಕೃಷ್ಣೆಯನ್ನು ದಾಟಿ ಕೂಡಲಸಂಗಮ ಸೇರಬಹುದು. ಅಲ್ಲಿ ಯಾತ್ರಿಕರಿಗೆ ವಸತಿಯೂ ಇದೆ, ದಾಸೋಹದ ಊಟವೂ ಇದೆ. ಮೂರನೆಯ ದಿನ ಅಮೀನಗಡದ ಮೇಲೆ ಐಹೊಳೆ. ಕೊನೆಯ ದಿನ ಪಟ್ಟದಕಲ್ಲಿಗೆ 14 ಕಿ.ಮೀ., ಅಲ್ಲಿಂದ ಬಾದಾಮಿಗೆ 22 ಕಿ.ಮೀ. ಮಾತ್ರ ಉಳಿಯುತ್ತದೆಯಾದ್ದರಿಂದ ಗುಡಿಗಳನ್ನು ಸಾವಕಾಶವಾಗಿ ನೋಡಬಹುದು.

ಆದರೆ ನೀವು ಕೇಳದೆ ಇರುವ ಒಂದು ಮಾತನ್ನೇ ನಾನು ಮುಖ್ಯವಾಗಿ ಹೇಳಬೇಕಾಗಿದೆ. ಗೇರ್ ಸೈಕಲ್ ನಿಮ್ಮದು, ಸಾದಾ ಸೈಕಲ್ ಗೆಳೆಯನದು ಎಂದಿರಿ. ನಮ್ಮದೂ ಹಾಗೆಯೇ ಇತ್ತು. ಎರಡನೆಯ ದಿನ ನಿಡಗುಂದಿ ದಾಟಿದ ಮೇಲೆ ರಸ್ತೆ ಚೆನ್ನಾಗಿದೆಯೆಂದು ನಾನು ಜೋರಾಗಿ ತುಳಿದುಬಿಟ್ಟೆ. ಅವನು ಹಿಂದೆ ಬರುತ್ತಿದ್ದಾನೆ ಎಂದೇ ತಿಳಿದಿದ್ದೆ. ತಿರುಗಿ ನೋಡಿದಾಗ ಕಣ್ಣಿಗೆ ಕಾಣುವಷ್ಟು ದೂರ ಯಾರೂ ಇರಲಿಲ್ಲ. ಎರಡು ಕಿಲೋಮೀಟರ್ ಹಿಂದಕ್ಕೆ ಹೋದಾಗ ಅವನು ಬೇವಿನ ಮರದ ಬುಡದಲ್ಲಿ ಕುಳಿತಿದ್ದ. ಅಂಗಿಯ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು, ಬಾಟಲಿಯಲ್ಲಿ ಹನಿ ನೀರಿರಲಿಲ್ಲ, ಉಳಿದ ನೀರೆಲ್ಲ ನನ್ನ ಸೈಕಲ್ಲಿನ ಚೀಲದಲ್ಲಿತ್ತು. ಅವನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ನಾವು ಪಾಲಿಸಿದ ಪದ್ಧತಿ ಹೀಗಿದೆ. ಗಾಳಿ ಇಲ್ಲದಾಗ ನಿಧಾನವಾಗಿ ಹೋಗುವವನೇ ಮುಂದೆ ಇರಬೇಕು, ಅವನ ವೇಗವೇ ಇಬ್ಬರ ವೇಗವಾಗಬೇಕು. ಎದುರುಗಾಳಿ ಬಂದಾಗ ಮಾತ್ರ ಗಟ್ಟಿಯಾದವನು ಮುಂದೆ ಹೋಗಿ, ಮತ್ತೊಬ್ಬನು ಒಂದು ಗಾಲಿಯಷ್ಟು ಅಂತರದಲ್ಲಿ ಅವನ ಬೆನ್ನಿಗೆ ಬರಬೇಕು. ಹಿಂದಿನವನಿಗೆ ಗಾಳಿಯ ಹೊಡೆತ ಎಷ್ಟು ಕಡಿಮೆಯಾಗುತ್ತದೆ ಎಂಬುದು ಹಾಗೆ ತುಳಿದವರಿಗೇ ಗೊತ್ತು. ನೀರು, ತಿನಿಸು, ದುಡ್ಡು ಮೂರನ್ನೂ ಇಬ್ಬರ ಚೀಲಗಳಿಗೂ ಹಂಚಿಬಿಡಿ. ಡಿಸೆಂಬರಿನಲ್ಲಿ ಗಾಳಿ ಹೆಚ್ಚಾಗಿ ಮೂಡಣ ದಿಕ್ಕಿನಿಂದ ಬೀಸುವುದರಿಂದ ಐಹೊಳೆಯಿಂದ ಬಾದಾಮಿಯ ಕಡೆಗೆ ಅದು ನಿಮಗೆ ಅನುಕೂಲವಾಗಿಯೇ ಇರುತ್ತದೆ. ಕೃಷ್ಣೆಯ ಸೇತುವೆಯ ಮೇಲೆ ಅಡ್ಡಗಾಳಿ ಬೀಸಿದರೆ ಸಂಕೋಚಪಡದೆ ಇಳಿದು ನಡೆಯಿರಿ.

ಊಟದ ಚಿಂತೆ ಬೇಡ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ನಾಲ್ಕು ದಿನವೂ ಕೆಡುವುದಿಲ್ಲ. ಯಾವ ಖಾನಾವಳಿಯಲ್ಲಾದರೂ ಮೊಸರು ಸಿಗುತ್ತದೆ. ಅಮೀನಗಡದ ಕರದಂಟನ್ನು ಮಾತ್ರ ತಪ್ಪದೆ ಕೊಳ್ಳಿ. ಬೆಲ್ಲ, ಅಂಟು, ಒಣಹಣ್ಣುಗಳಿಂದ ಮಾಡಿದ ಆ ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಕಾಲಿಗೆ ಮತ್ತೆ ಕಸುವು ಬರುತ್ತದೆ. ನಿಮ್ಮ ಪಯಣದ ನಡುವೆ ಎಳ್ಳಮಾವಾಸ್ಯೆ ಬಂದರೆ ಅದು ನಿಮ್ಮ ಭಾಗ್ಯ. ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಬಂದ ಮನೆಯವರು ದಾರಿಹೋಕರನ್ನು ಕೂಗಿ ಕರೆದು ಉಣ್ಣಿಸುತ್ತಾರೆ. ಕರೆದರೆ ಇಲ್ಲವೆನ್ನಬೇಡಿ.

ಮುಧೋಳದಿಂದ ಉತ್ತರ:

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ಕಬ್ಬಿನ ವಿಷಯ ಬಿಟ್ಟುಹೋಗಿದೆ. ಸೈಕಲ್ಲಿಗೆ ಹಿತವಾದ ತಿಂಗಳುಗಳೇ ಕಬ್ಬು ನುರಿಸುವ ತಿಂಗಳುಗಳೂ ಆಗಿರುವುದರಿಂದ ನಮ್ಮ ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತಿರುತ್ತವೆ. ಹಿಂದಿನ ಟ್ರೇಲರ್ ಬಾಲದಂತೆ ಅತ್ತಿತ್ತ ಹೊಯ್ದಾಡುತ್ತದೆ, ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ, ಬಹಳಷ್ಟಕ್ಕೆ ಹಿಂದೆ ದೀಪವೇ ಇರುವುದಿಲ್ಲ. ನಾವು ಇಬ್ಬರು ಗೆಳತಿಯರು ಮುಧೋಳದಿಂದ ಲೋಕಾಪುರದ ಮೇಲೆ ಬಾದಾಮಿಗೆ ಹೋಗುವಾಗ, ರಸ್ತೆಗೆ ಬಿದ್ದು ಗಾಲಿಗಳಡಿ ನಜ್ಜುಗುಜ್ಜಾದ ಕಬ್ಬಿನ ಸಿಪ್ಪೆಯ ಮೇಲೆ ನನ್ನ ಸೈಕಲ್ ಜಾರಿ ಮೊಣಕೈ ತರಚಿತು. ಮಳೆಗಾಲದ ರಾಡಿಯಷ್ಟೇ ಅದೂ ಜಾರುತ್ತದೆ. ಸೂರ್ಯ ಮುಳುಗುವ ಮೊದಲೇ ಊರು ಸೇರಿಬಿಡಿ, ಕತ್ತಲಲ್ಲಿ ಹೆದ್ದಾರಿಯ ಮೇಲೆ ಖಂಡಿತ ಇರಬೇಡಿ. ಟ್ರ್ಯಾಕ್ಟರ್ ದಾಟಿ ಹೋಗುವವರೆಗೆ ಇಬ್ಬರೂ ಒಬ್ಬರ ಹಿಂದೊಬ್ಬರು ಸಾಗಬೇಕು, ಮಾತು ಆಮೇಲೆ ಆಡಿದರಾಯಿತು.

ವಸತಿ ಸಿಗದಿದ್ದರೆ ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿ. ಐದು ನಿಮಿಷದಲ್ಲಿ ಯಾವ ಊರು, ಯಾರ ಮನೆಯವರು ಎಂಬ ವಿಚಾರಣೆ ಮುಗಿಯುತ್ತದೆ, ಹತ್ತು ನಿಮಿಷಕ್ಕೆ ಚಹಾ ಬರುತ್ತದೆ. ನಮ್ಮನ್ನು ಒಬ್ಬ ತಾಯಿ ತಮ್ಮ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು.

ಬಾಗಲಕೋಟೆಯಿಂದ ಉತ್ತರ:

ನಾನು ರಿಪೇರಿಯ ವಿಷಯವನ್ನಷ್ಟೇ ಹೇಳುತ್ತೇನೆ. ನಿಮ್ಮ ಗೆಳೆಯನ ಸಾದಾ ಸೈಕಲ್ಲಿಗೆ ಟ್ಯೂಬು, ವಾಲ್‌ಟ್ಯೂಬು ಸಣ್ಣ ಊರುಗಳಲ್ಲೂ ಸಿಗುತ್ತವೆ. ನಿಮ್ಮ ಗೇರ್ ಸೈಕಲ್ಲಿನ ಟ್ಯೂಬು ಸಿಗುವುದು ಕಷ್ಟ. ಆದ್ದರಿಂದ ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್ನು, ಸಣ್ಣ ಪಂಪು ನಿಮ್ಮ ಹತ್ತಿರವೇ ಇರಲಿ. ಟ್ಯೂಬಿಗೆ ಗಾಳಿ ತುಂಬುವ ಮೂತಿ ಪ್ರೆಸ್ಟಾ ಎಂಬ ತೆಳ್ಳನೆಯ ಬಗೆಯದಾಗಿದ್ದರೆ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ, ಅದರ ಅಡಾಪ್ಟರ್ ಒಂದನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಳ್ಳಿ.

ಈ ದಾರಿಯಲ್ಲಿ ಪಂಕ್ಚರ್ ಆಗುವುದು ಹೆಚ್ಚಾಗಿ ಜಾಲಿ ಮುಳ್ಳಿನಿಂದ. ಮುಳ್ಳು ಟೈರಿನಲ್ಲಿ ಮುರಿದುಕೊಂಡು ಒಳಗೇ ಉಳಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಹೊಸ ಟ್ಯೂಬು ಹಾಕಿದರೂ ಅರ್ಧ ಗಂಟೆಯಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ನನಗೆ ಹೀಗೆ ಎರಡು ಸಲ ಆದ ಮೇಲೆ ಐಹೊಳೆಯ ಹತ್ತಿರ ಒಬ್ಬ ಮುದುಕರು ಪಕ್ಕದ ಹೊಲದಿಂದ ಒಂದು ಹಿಡಿ ಹತ್ತಿ ತಂದು, ಅದನ್ನು ಟೈರಿನ ಒಳಮೈಗೆ ಒತ್ತಿ ಸುತ್ತಲೂ ಮೆಲ್ಲಗೆ ಎಳೆದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡು ನಿಂತಿತು. ಅಲ್ಲಿಯೇ ಸಾಸಿವೆಯಷ್ಟು ಮುಳ್ಳಿನ ತುದಿ ಇತ್ತು. ಬೆರಳಿನಿಂದ ಹುಡುಕಿದ್ದರೆ ಬೆರಳಿಗೇ ಚುಚ್ಚುತ್ತಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಹತ್ತಿಯ ಉಂಡೆಯೊಂದು ಇದ್ದೇ ಇರುತ್ತದೆ.

ಮರಳುವಾಗ ಗಾಳಿ ಎದುರಾಗುವುದರಿಂದ ರೈಲು ಹಿಡಿಯಿರಿ. ಬಾದಾಮಿಯ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರವಿದೆ. ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಬೇಕಾಗುತ್ತದೆ, ಎಲ್ಲ ರೈಲಿನಲ್ಲಿಯೂ ಅದಕ್ಕೆ ಅವಕಾಶ ಸಿಗುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಹೋಗಿ ವಿಚಾರಿಸಿಕೊಂಡು ಬನ್ನಿ.